ಬಚ್ಚಲಿನ ಸುದ್ದಿ, ಅಡುಗೆಮನೆಯ ಸುದ್ದಿ

ಕೆಲವು ವರ್ಷಗಳ ಹಿಂದೆ ಕೋಟೆಯ ನಮ್ಮ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆವು. ನೋಡಲು ಬಂದವರಿಗೆಲ್ಲ ಬೈಕಿನಿಂದ ಬಿದ್ದೆವೆಂದು ಹೇಳಿದೆವು. ಒಳಗಿನಿಂದ ಅಮ್ಮೀಜಾನ್ ಕೇಳಿದರು: "ಬೈಕು ಬಚ್ಚಲಿಗೆ ಯಾವಾಗ ಬಂತೋ ಬೇಟಾ?"

ರಸ್ತೆಯಲ್ಲಿ ಬಿದ್ದರೆ ಅಪಘಾತ, ಮನೆಯಲ್ಲಿ ಬಿದ್ದರೆ ಅಪಮಾನ. ಇದು ನಮ್ಮೊಬ್ಬರ ದೌರ್ಬಲ್ಯವಾಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ನಮ್ಮ ಪತ್ರಿಕೆಗಳೂ ಮನೆಯೊಳಗಿನ ಅವಘಡದ ಮುಂದೆ ಇದೇ ರೀತಿ ನಾಚಿಕೊಳ್ಳುತ್ತವೆ. ಶಿವಮೊಗ್ಗ–ಭದ್ರಾವತಿಯವರಾದ ನಮಗೆ ಪತ್ರಿಕೆಯ ಜೊತೆ ಹಳೆಯ ನಂಟು. ಪಕ್ಕದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಒಂದು ಕಾಲಕ್ಕೆ ಸುದ್ದಿ ಕಾಗದವನ್ನೇ ತಯಾರಿಸುತ್ತಿತ್ತು. ಕಾರ್ಖಾನೆ ಈಗ ನಿಂತಿದೆ. ಆ ಕಾಗದದ ಮೇಲೆ ಅಚ್ಚಾದ ಕೆಲವು ಪದಗಳು ಮಾತ್ರ ಇನ್ನೂ ನಿಂತಿಲ್ಲ. 'ಆಯತಪ್ಪಿ', 'ಆಕಸ್ಮಿಕವಾಗಿ', 'ಕಾಲು ಜಾರಿ', 'ವಿಧಿಯಾಟ' ಅವುಗಳಲ್ಲಿ ಕೆಲವು. ಉರ್ದು ಶಾಲೆಯಲ್ಲಿಯೂ ಕಲಿತ ನಮಗೆ ಅಲ್ಲಿಯ ಪತ್ರಿಕೆಗಳ 'ಪುರ್ ಅಸರಾರ್ ಮೌತ್' ಅಂದರೆ ನಿಗೂಢ ಸಾವು ಕೂಡ ಪರಿಚಿತ. ಭಾಷೆ ಬೇರೆಯಾದರೂ ಸಂಕೋಚ ಒಂದೇ.

ಮೊದಲು ಬಚ್ಚಲನ್ನೇ ನೋಡೋಣ. ಚಳಿಗಾಲ ಬಂತೆಂದರೆ 'ಗ್ಯಾಸ್ ಗೀಸರ್ ಸೋರಿಕೆಯಿಂದ ಸಾವು' ಎಂಬ ಧಾಟಿಯ ಸುದ್ದಿಗಳು ಕಾಣುತ್ತವೆ. ಇಂತಹ ಬಹುಪಾಲು ಸಾವುಗಳಲ್ಲಿ ಸೋರಿದ್ದು ಗ್ಯಾಸ್ ಅಲ್ಲ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಗೀಸರ್ ಉರಿಯುತ್ತಿದ್ದರೆ ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಆಸೆಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುವವರಿಗೆ ತಲೆ ಸುತ್ತುತ್ತದೆ, ಕೂಗುವ ಮೊದಲೇ ಪ್ರಜ್ಞೆ ತಪ್ಪಬಹುದು. 'ಸೋರಿಕೆ' ಎಂದು ಓದಿದವರು ಏನು ಮಾಡುತ್ತಾರೆ? ಪೈಪು ಪರೀಕ್ಷಿಸುತ್ತಾರೆ, ಮೂಗಿನಿಂದ ವಾಸನೆ ನೋಡುತ್ತಾರೆ, ಏನೂ ಇಲ್ಲವೆಂದು ನಿಶ್ಚಿಂತರಾಗಿ ಬಾಗಿಲು, ಕಿಟಕಿ ಭದ್ರಪಡಿಸಿ ಸ್ನಾನಕ್ಕೆ ಹೋಗುತ್ತಾರೆ. ಒಂದು ತಪ್ಪು ಪದ ಮುಂದಿನ ಮನೆಯವರನ್ನೂ ಅದೇ ಕೋಣೆಗೆ ಕಳಿಸುತ್ತದೆ. ಇನ್ನು ಒಳಗಿರುವವರು ಬಟ್ಟೆಯಿಲ್ಲದೆ ಇರುತ್ತಾರೆಂಬ ಸಂಕೋಚಕ್ಕೆ ಹೊರಗಿನವರು ಬಾಗಿಲು ಒಡೆಯಲು ಹಿಂಜರಿದರೆ, ಆ ನಾಲ್ಕು ನಿಮಿಷದ ಬೆಲೆ ಒಂದು ಜೀವ.

'ಸಿಲಿಂಡರ್ ಸ್ಫೋಟ'ದ ಕಥೆಯೂ ಇದೇ. ಎಷ್ಟೋ ಸಲ ಮನೆಯ ಗೋಡೆ ಬಿದ್ದಿರುತ್ತದೆ, ಸಿಲಿಂಡರ್ ಮಾತ್ರ ಮೂಲೆಯಲ್ಲಿ ಇಡಿಯಾಗಿ ನಿಂತಿರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ರಬ್ಬರ್ ಟ್ಯೂಬಿನಿಂದ ರಾತ್ರಿಯೆಲ್ಲ ಸೋರಿ ನೆಲಮಟ್ಟದಲ್ಲಿ ತುಂಬಿಕೊಂಡಿರುತ್ತದೆ. ಬೆಳಿಗ್ಗೆ ಯಾರೋ ಲೈಟಿನ ಸ್ವಿಚ್ ಒತ್ತುತ್ತಾರೆ, ಕಿಡಿ ತಾಗಿ ಕೋಣೆಯೇ ಹೊತ್ತಿಕೊಳ್ಳುತ್ತದೆ. ಸೋರಿಕೆ ಎಂಬ ಪದ ನಿಜವಾಗಿ ಬೇಕಾದದ್ದು ಇಲ್ಲಿ. ಬಚ್ಚಲಿನ ಸುದ್ದಿಗೆ ಧಾರಾಳವಾಗಿ ಸಿಕ್ಕುವ ಆ ಪದ ಇಲ್ಲಿ ಕಾಣೆಯಾಗುತ್ತದೆ. ಓದುಗ ಸಿಲಿಂಡರಿಗೆ ಹೆದರುತ್ತಾನೆ. ಐದು ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಇವು ಅಜ್ಞಾನದ ತಪ್ಪುಗಳು. ತಿದ್ದಬಹುದು. ಅಡುಗೆಮನೆಯ ಇನ್ನೊಂದು ಸಾಲು ಅಷ್ಟು ಮುಗ್ಧವಲ್ಲ. 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬುದನ್ನು ನಮ್ಮ ತಲೆಮಾರು ಓದುತ್ತಲೇ ಬೆಳೆಯಿತು. ಕಥೆಗಾರರಾದ ನಮಗೆ ಈ ವಾಕ್ಯದ ರಚನೆಯೇ ಅನುಮಾನ ಹುಟ್ಟಿಸುತ್ತದೆ. ಇಲ್ಲಿ ಕರ್ತೃ ಸ್ಟವ್. ಸಿಡಿಯುವುದು ಅಕರ್ಮಕ ಕ್ರಿಯೆ, ಯಾರೂ ಏನೂ ಮಾಡಬೇಕಿಲ್ಲ. ಗಂಡನಿಲ್ಲ, ಅತ್ತೆಯಿಲ್ಲ, ಸೀಮೆಎಣ್ಣೆಯ ಡಬ್ಬವೂ ಇಲ್ಲ. ನಾವು ಕಥೆಯಲ್ಲಿ ಹೀಗೆ ಬರೆದರೆ ಓದುಗರು ಬಿಡುತ್ತಾರೆಯೇ? ಪಂಪ್ ಹೊಡೆದವರಾರು, ಆ ಹೊತ್ತಿನಲ್ಲಿ ಯಾವ ಅಡುಗೆ, ಸ್ಟವ್‌ನ ಟ್ಯಾಂಕು ಹರಿದಿತ್ತೇ ಇಡಿಯಾಗಿತ್ತೇ, ಮನೆಯಲ್ಲಿ ಇಷ್ಟು ಜನರಿದ್ದೂ ಸಿಡಿತ ಸೊಸೆಯನ್ನೇ ಹುಡುಕಿಕೊಂಡು ಹೋದದ್ದು ಹೇಗೆ ಎಂದು ಕೇಳುತ್ತಾರೆ. ಕಥೆಗೆ ಕೇಳುವ ಪ್ರಶ್ನೆಯನ್ನು ಸುದ್ದಿಗೆ ಕೇಳಬಾರದೇ?

ಬೆಂಗಳೂರಿನ ಮಹಿಳಾ ಸಂಘಟನೆ ವಿಮೋಚನಾ 1990ರ ದಶಕದಲ್ಲಿ ಈ ಪ್ರಶ್ನೆಯನ್ನು ಕೇಳಿತು. 1997ರಿಂದ 1999ರ ಜುಲೈ ಮಧ್ಯದವರೆಗೆ ಆ ನಗರದಲ್ಲಿ ಅಸಹಜವಾಗಿ ಸತ್ತ ಮಹಿಳೆಯರು 1,133. ಇವರಲ್ಲಿ ಕೊಲೆಯೆಂದು ದಾಖಲಾದವು 157, ಆತ್ಮಹತ್ಯೆ 546, ಅಪಘಾತ 430. ಅಪಘಾತದ ಕಡತಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಕಾರಣ ಸ್ಟವ್ ಸಿಡಿತ. ಎಲ್ಲವೂ ಕೊಲೆಯೆಂದು ನಾವು ಹೇಳುತ್ತಿಲ್ಲ. ಸೀಮೆಎಣ್ಣೆಗೆ ಪೆಟ್ರೋಲ್ ಬೆರೆತರೆ, ನಳಿಕೆ ಕಟ್ಟಿಕೊಂಡಾಗ ಪಂಪ್ ಹೊಡೆಯುತ್ತಲೇ ಇದ್ದರೆ ಸ್ಟವ್ ಸಿಡಿದೀತು. ಆದರೆ ನಿಜವಾದ ಅಪಘಾತವನ್ನೂ ಮುಚ್ಚಿಟ್ಟ ಅಪರಾಧವನ್ನೂ ಒಂದೇ ಸಾಲಿನಲ್ಲಿ ಮಲಗಿಸಿದರೆ ಸತ್ತ ಇಬ್ಬರಿಗೂ ಅನ್ಯಾಯ. ಮದುವೆಯಾದ ಏಳು ವರ್ಷದೊಳಗಿನ ಸುಟ್ಟ ಸಾವನ್ನು ಕಾನೂನು ಬೇರೆ ಕಣ್ಣಿನಿಂದ ನೋಡಬೇಕೆಂದೇ 1986ರಲ್ಲಿ ಭಾರತೀಯ ದಂಡ ಸಂಹಿತೆಗೆ 304ಬಿ ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮು. ಕಾನೂನಿಗೆ ಬಂದ ಅನುಮಾನ ವರದಿಗೆ ಇನ್ನೂ ಬಂದಿಲ್ಲ. ಪಂಪ್ ಸ್ಟವ್ ಪೇಟೆಯ ಮನೆಗಳಿಂದ ಬಹುತೇಕ ಹೋಯಿತು, ವಾಕ್ಯದ ಅಚ್ಚು ಹಾಗೆಯೇ ಉಳಿಯಿತು.

ವರದಿಗಾರರ ಕಷ್ಟವೂ ನಮಗೆ ತಿಳಿದಿದೆ. ಸಂಜೆ ಠಾಣೆಯಿಂದ ಬರುವುದು ಎರಡು ಸಾಲು. ಮರಣೋತ್ತರ ಪರೀಕ್ಷೆಯ ವರದಿ ಬಂದಿರುವುದಿಲ್ಲ. ಅವಸರದಲ್ಲಿ ಒಬ್ಬರನ್ನು ಕೊಲೆಗಾರರೆಂದು ಬರೆಯುವುದು ಇನ್ನೊಂದು ಅನ್ಯಾಯ. ಹಾಗಿದ್ದರೆ 'ಸ್ಟವ್ ಸಿಡಿದಿದೆಯೆಂದು ಮನೆಯವರು ಹೇಳಿದ್ದಾರೆ, ತನಿಖೆ ನಡೆದಿದೆ' ಎಂದು ಬರೆಯಲು ಎಷ್ಟು ಜಾಗ ಬೇಕು? ಹೇಳಿದವರು ಯಾರೆಂದು ತಿಳಿಸಿದರೆ ಸಾಕು, ಸುದ್ದಿ ಅರ್ಧ ಪ್ರಾಮಾಣಿಕವಾಗುತ್ತದೆ. ತಿಂಗಳ ನಂತರ ತನಿಖೆ ಏನಾಯಿತೆಂದು ಮತ್ತೆರಡು ಸಾಲು ಬರೆದರೆ ಉಳಿದರ್ಧವೂ ಬರುತ್ತದೆ.

ಉರ್ದುವಿನಲ್ಲಿ 'ಪರ್ದಾಪೋಶಿ' ಎಂಬ ಸುಂದರ ಪದವಿದೆ. ಇನ್ನೊಬ್ಬರ ಕುಂದನ್ನು ಮುಚ್ಚಿ ಮಾನ ಕಾಯುವುದು. ಇದು ದೊಡ್ಡ ಗುಣ. ಬಚ್ಚಲಿನಲ್ಲಿ ಸತ್ತವರ ಹೆಸರು, ಚಿತ್ರ, ಅವರಿದ್ದ ಸ್ಥಿತಿ ಪತ್ರಿಕೆಗೆ ಬೇಡವೇ ಬೇಡ. ಆದರೆ ನಮ್ಮ ಸುದ್ದಿಗಳು ಮಾಡುತ್ತಿರುವುದು ಇದರ ತಿರುಗುಮುರುಗು. 'ಸ್ನಾನಕ್ಕೆ ಹೋದವಳು ಹೆಣವಾದಳು' ಎಂದು ಏಕವಚನದಲ್ಲಿ ಮನುಷ್ಯರನ್ನು ಬೀದಿಗೆ ತಂದು, ಕಾರಣವನ್ನು ವಿಧಿಯ ಮುಸುಕಿನೊಳಗೆ ಬಚ್ಚಿಡುತ್ತವೆ. ಪರ್ದಾ ಇರಬೇಕಾದದ್ದು ಮನುಷ್ಯರ ಮೇಲೆ, ಕಾರಣದ ಮೇಲಲ್ಲ. ತಖ್ದೀರ್ ಎಂದು ನಿಟ್ಟುಸಿರು ಬಿಡುವ ಹಕ್ಕು ಮಡಿದವರ ಮನೆಯವರಿಗಿದೆ. ವರದಿ ಬರೆಯುವವರಿಗಿಲ್ಲ.

ಅಮ್ಮೀಜಾನ್ ನಕ್ಕ ಮೇಲೆ ನಾವು ನೆರೆಮನೆಯ ಹಿರಿಯರೊಬ್ಬರಿಗೆ ನಿಜ ಹೇಳಿದೆವು. ಅವರು ನಗಲಿಲ್ಲ. "ನಮ್ಮ ಬಚ್ಚಲ ಕಲ್ಲೂ ಪಾಚಿಗಟ್ಟಿದೆ" ಎಂದು ಎದ್ದು ಹೋದರು. ಮರುದಿನ ತಿಕ್ಕಿಸಿದರಂತೆ.