ಮೂವತ್ತು ದಿನ ನೋಡಬೇಕಾದ ಚಿತ್ರ

ವರ್ಷದ ಕೊನೆ ಹತ್ತಿರ ಬಂದಂತೆ ಮನೆಮಂದಿ ಮೊಬೈಲ್ ತಡಕಿ, ಪ್ರವಾಸದ ಹನ್ನೆರಡು ಫೋಟೊ ಆರಿಸಿ, ಮನೆಯದೇ ಕ್ಯಾಲೆಂಡರ್ ಅಚ್ಚು ಹಾಕಿಸುವ ರೂಢಿ ಈಚೆಗೆ ಬೆಳೆದಿದೆ. ರಾಷ್ಟ್ರೀಯ ಉದ್ಯಾನ ಸುತ್ತಿ ಬಂದವರ ಮನೆಯಲ್ಲಿ ಆಯ್ಕೆ ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತದೆ: ಯಾವ ಪ್ರಾಣಿ ಹತ್ತಿರದಿಂದ ಸಿಕ್ಕಿತೋ ಅದಕ್ಕೆ ಮೊದಲ ಮಣೆ. ಈ ಅಳತೆಗೋಲು ಕ್ಯಾಲೆಂಡರಿಗೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಆಲ್ಬಮ್ಮಿನ ಚಿತ್ರವನ್ನು ಕ್ಷಣಹೊತ್ತು ನೋಡಿ ಪುಟ ಮಗುಚುತ್ತೇವೆ. ಕ್ಯಾಲೆಂಡರಿನ ಚಿತ್ರ ತಿಂಗಳಿಡೀ ಗೋಡೆಯ ಮೇಲಿದ್ದು, ಹಾಲಿನ ಲೆಕ್ಕ ಬರೆಯುವಾಗ, ಏಕಾದಶಿ ಎಂದೆಂದು ನೋಡುವಾಗ, ಸಿಲಿಂಡರ್ ಬಂದ ತಾರೀಕು ಗುರುತು ಹಾಕುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಚೌಕಟ್ಟು ತುಂಬಿದ ಹುಲಿಯ ಮುಖ ಮೊದಲ ದಿನ ಬೆರಗು ಹುಟ್ಟಿಸಿ ನಾಲ್ಕನೆಯ ದಿನಕ್ಕೆ ಹಳತಾಗುತ್ತದೆ. ಅಷ್ಟು ಹತ್ತಿರ ಕತ್ತರಿಸಿದ ಹುಲಿ ಪೆರಿಯಾರಿನದೋ ಬಂಡೀಪುರದ್ದೋ ರಣಥಂಬೋರಿನದೋ ಹೇಳಲಾಗದು. ತಿಂಗಳು ಮತ್ತು ಜಾಗ ಎರಡನ್ನೂ ತನ್ನೊಳಗೆ ಇಟ್ಟುಕೊಂಡ ಚಿತ್ರವೇ ಗೋಡೆಯ ಮೇಲೆ ಬಾಳುತ್ತದೆ.

ಇದಕ್ಕೆ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತ ಬಂದ ಒಕ್ಕಲಿಗ ಕುಟುಂಬಗಳು ಇಲ್ಲಿವೆ. ಅವರ ಸುತ್ತಲೇ ಕಾಡುಗಳು. ಕಂಬಂನಿಂದ ಘಾಟಿ ಹತ್ತಿ ಕುಮಳಿ ದಾಟಿದರೆ ಪೆರಿಯಾರ್, ಬೋಡಿಯ ನೆತ್ತಿಯ ಮೇಲೆ ಮತಿಕೆಟ್ಟಾನ್ ಶೋಲಾ, ಅದರಾಚೆ ಇರವಿಕುಳಂ, ಕಣಿವೆಯ ಇನ್ನೊಂದು ಮಗ್ಗುಲಿಗೆ 2021ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾದ ಮೇಘಮಲೈ, ದಿಂಡಿಗಲ್ ಕಡೆಗೆ ಕೊಡೈಕೆನಾಲಿನ ಬೆಟ್ಟಗಳು. ಇವೆಲ್ಲ ಹತ್ತಿರ ಹತ್ತಿರವಿದ್ದರೂ ಋತು ಮಾತ್ರ ಒಂದೇ ಅಲ್ಲ. ಜೂನ್–ಜುಲೈನಲ್ಲಿ ಕೇರಳದ ಮಗ್ಗುಲಲ್ಲಿ ಮಳೆ ಸುರಿಯುವಾಗ ಕಣಿವೆ ಮಳೆಯ ಮರೆಯಲ್ಲಿ ಉಳಿದು ಗಾಳಿ ಮತ್ತು ತುಂತುರು ಕಾಣುತ್ತದೆ. ಕಣಿವೆಯ ಸ್ವಂತ ಮಳೆ ಅಕ್ಟೋಬರ್ ನಂತರದ ಹಿಂಗಾರಿನದು. ಹಾಗಾದರೆ ಜೂನ್ ಪುಟಕ್ಕೆ ಏನು? ಪೆರಿಯಾರ್ ಕಾಡಿನೊಳಗಿನ ತೇಕಡಿ ಕೆರೆಯ ನೀರೇ ಎನ್ನುತ್ತೇನೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು ಸುರಂಗದಲ್ಲಿ ಹರಿದು ಬಂದು, ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ, ಕಂಬಂ ಕಣಿವೆಯ 14,707 ಎಕರೆಯ ಮೊದಲ ಭತ್ತದ ಬೆಳೆಗೆ ಬಿಡುಗಡೆಯಾಗುತ್ತದೆ. ಕಾಡಿನ ಕೆರೆ ಮತ್ತು ಮನೆಯ ಅನ್ನ ಒಂದೇ ಪುಟದಲ್ಲಿ ಸೇರುವ ತಿಂಗಳು ಅದು. ವರಯಾಡಿನ (ನೀಲಗಿರಿ ತಾರ್) ಮರಿಗಳ ಚಿತ್ರ ಏಪ್ರಿಲಿಗೆ ಸಲ್ಲಬೇಕು. ಮರಿ ಹಾಕುವ ಕಾಲವೆಂದು ಇರವಿಕುಳಂ ಫೆಬ್ರುವರಿ–ಮಾರ್ಚಿನಲ್ಲಿ ಪ್ರವಾಸಿಗರಿಗೆ ಮುಚ್ಚಿರುವುದೇ ವಾಡಿಕೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2018ರಲ್ಲಿ ಬೆಟ್ಟ ತುಂಬಿತ್ತು, ಇನ್ನು 2030ಕ್ಕೆ. ಅಂದಿನ ಚಿತ್ರ ಇದ್ದವರು ಅದನ್ನು ಆಗಸ್ಟ್ ಅಥವಾ ಸೆಪ್ಟೆಂಬರಿಗೆ ಹಾಕಿ, ಮೂಲೆಯಲ್ಲಿ ವರ್ಷ ನಮೂದಿಸಲಿ. ಮೈಸೂರು ಕಡೆಯವರಿಗೂ ಇದೇ ಲೆಕ್ಕ: ಕಬಿನಿಯ ಹಿನ್ನೀರು ಇಳಿದು ಹುಲ್ಲುದಂಡೆ ತೆರೆದಾಗ ಆನೆಗಳು ಹಿಂಡು ಹಿಂಡಾಗಿ ಸೇರುವ ದೃಶ್ಯ ಏಪ್ರಿಲ್–ಮೇ ಪುಟದ್ದು.

ಎರಡನೆಯ ಸಾಕ್ಷ್ಯ ನಮ್ಮ ಕಣ್ಣಿನದೇ. ಕ್ಯಾಲೆಂಡರನ್ನು ಎಂಟು ಹತ್ತು ಅಡಿ ದೂರದಿಂದ ನೋಡುತ್ತೇವೆ. ಮೊಬೈಲಿನಲ್ಲಿ ಹಿಗ್ಗಿಸಿ ಮೆಚ್ಚಿದ ಪುಟ್ಟ ಹಕ್ಕಿ ಅಷ್ಟು ದೂರಕ್ಕೆ ಎಲೆಗಳಲ್ಲಿ ಕಳೆದುಹೋಗುತ್ತದೆ. ತೇಕಡಿಯ ಒಂದು ಚೌಕಟ್ಟನ್ನು ಗಮನಿಸಿ: ಅಣೆಕಟ್ಟಿನ ಕಾಲಕ್ಕೆ ಮುಳುಗಿದ ಮರಗಳ ಬೊಡ್ಡೆಗಳು ನೀರಿನಿಂದ ಕಪ್ಪಾಗಿ ಎದ್ದಿವೆ, ಒಂದರ ತುದಿಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿದೆ, ಸುತ್ತಲೂ ಬೂದು ನೀರು. ಆಕಾರ ಸ್ಪಷ್ಟ, ಹಿನ್ನೆಲೆ ಖಾಲಿ. ಅಡುಗೆಮನೆಯ ಬಾಗಿಲಿಂದಲೂ ಓದಬಹುದು. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು–ಬಿಳುಪು ವನ್ಯಚಿತ್ರಗಳು ಇಂದಿಗೂ ನಿಲ್ಲುವುದು ಪ್ರಾಣಿಯ ಜತೆಗೆ ಅದರ ಬೆಳಕು ಮತ್ತು ನೆಲವೂ ಅವುಗಳಲ್ಲಿರುವುದರಿಂದ. ಅಚ್ಚಿನ ನಿಯಮವೂ ಇದೇ ದಿಕ್ಕು ತೋರಿಸುತ್ತದೆ. ಇಂಚಿಗೆ 300 ಚುಕ್ಕೆಯಂತೆ ಎ4 ಪುಟಕ್ಕೆ ಉದ್ದದಲ್ಲಿ ಸುಮಾರು 3500 ಪಿಕ್ಸೆಲ್ ಬೇಕು, ಎ3ಗೆ ಸುಮಾರು 4960. ದೂರದ ಪ್ರಾಣಿಯನ್ನು ಕತ್ತರಿಸಿ ಹತ್ತಿರ ತಂದ ಚಿತ್ರದಲ್ಲಿ ಅಷ್ಟು ಉಳಿದಿರುವುದಿಲ್ಲ; ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ ಮೊದಲೇ ಕುಗ್ಗಿರುತ್ತದೆ. ಶೋಲಾ ಕಾಡಿನ ನೆರಳಿನ ಚಿತ್ರಗಳು ಪರದೆಯಲ್ಲಿ ಕಂಡದ್ದಕ್ಕಿಂತ ಕಾಗದದ ಮೇಲೆ ಮಂಕಾಗುತ್ತವೆ. ಸ್ವಲ್ಪ ತಿಳಿ ಮಾಡಿಯೇ ಪ್ರೆಸ್ಸಿಗೆ ಕೊಡಬೇಕು. ಟ್ಯೂಬ್‌ಲೈಟ್ ಹೊಳಪು ಹೊಡೆಯದಂತೆ ಮ್ಯಾಟ್ ಕಾಗದ ಕೇಳಬೇಕು.

ಕುಟುಂಬದ ಕ್ಯಾಲೆಂಡರಿನಲ್ಲಿ ಕುಟುಂಬವೇ ಇರದಿದ್ದರೆ ಹೇಗೆ ಎಂದು ಕೇಳುವವರುಂಟು. ಇರಲೇಬೇಕು. ಆದರೆ ಅಜ್ಜಿ, ಮೊಮ್ಮಕ್ಕಳು ಕ್ಯಾಮೆರಾ ನೋಡಿ ಸಾಲಾಗಿ ನಿಂತರೆ ಹಿಂದಿನ ಕಾಡು ಪರದೆಯಾಗಿಬಿಡುತ್ತದೆ. ದೋಣಿಯ ಕಿತ್ತಳೆ ಲೈಫ್ ಜಾಕೆಟ್‌ಗಳಲ್ಲಿ ಅವರು ದಡದತ್ತ ನೋಡುತ್ತಿರುವ ಚಿತ್ರ ತೆಗೆದುಕೊಳ್ಳಿ: ಆ ಬಣ್ಣ ಕಣ್ಣನ್ನು ಮೊದಲು ಅವರ ಕಡೆಗೆ, ಆಮೇಲೆ ಅವರು ನೋಡುತ್ತಿರುವ ಹುಲ್ಲುದಂಡೆಯ ಕಡೆಗೆ ಒಯ್ಯುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಮಕ್ಕಳ ರಜೆ ಬೇಸಿಗೆಯಲ್ಲಿ, ದಸರೆಯಲ್ಲಿ, ಹನ್ನೆರಡು ತಿಂಗಳ ಕಾಡು ಯಾರ ಬಳಿ ಇರುತ್ತದೆ? ನಿಜ. ಅದಕ್ಕೆ ಪರಿಹಾರ ಮೇ ತಿಂಗಳ ಒಣಹುಲ್ಲನ್ನು ನವೆಂಬರಿಗೆ ಅಂಟಿಸುವುದಲ್ಲ. ಹಿಂದಿನ ವರ್ಷಗಳ ಚಿತ್ರ ಹುಡುಕಿ, ಬೇರೆ ಕಾಲದಲ್ಲಿ ಹೋದ ಅತ್ತೆ–ಮಾವ, ಚಿಕ್ಕಪ್ಪನವರಿಂದ ಕೇಳಿ ಪಡೆಯಿರಿ. ಆಗಲೂ ಸಾಲದಿದ್ದರೆ ಎರಡು ತಿಂಗಳಿಗೊಂದರಂತೆ ಆರು ಪುಟ ಮಾಡಿಸಿ. ಹೊಂದದ ಹನ್ನೆರಡಕ್ಕಿಂತ ಹೊಂದುವ ಆರು ಮೇಲು.

ಒಂದು ಎಚ್ಚರವನ್ನೂ ಹೇಳಲೇಬೇಕು. ಕೋತಿಗೆ ಬಾಳೆಹಣ್ಣು ಚಾಚಿದ ಕೈ, ರಸ್ತೆಬದಿಯ ಆನೆಗೆ ಬೆನ್ನು ಮಾಡಿ ತೆಗೆದ ಸೆಲ್ಫಿ, ಇವು ಎಷ್ಟೇ ಚೆನ್ನಾಗಿ ಬಂದಿದ್ದರೂ ಗೋಡೆಗೆ ಬೇಡ. ತಿಂಗಳಿಡೀ ಕಂಡದ್ದನ್ನು ಮಕ್ಕಳು ಸರಿಯೆಂದೇ ತಿಳಿಯುತ್ತಾರೆ. ಆನೆಯ ಹತ್ತಿರ ಹೋಗುವ ಅಪಾಯವನ್ನು ಕಂಬಂನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಚಿನ್ನಕ್ಕನಾಲಿನಲ್ಲಿ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟಿದ್ದ ಅರಿಕೊಂಬನ್ ಆನೆ 2023ರ ಮೇ 27ರಂದು ಅವರ ಪೇಟೆಯ ಬೀದಿಗೇ ಬಂದಿತ್ತು. ಜೂನ್‌ನಲ್ಲಿ ಅದನ್ನು ಹಿಡಿದು ಕಳಕ್ಕಾಡು–ಮುಂಡಂತುರೈ ಕಾಡಿಗೆ ಸಾಗಿಸಿದರು. ಆನೆಯ ಚಿತ್ರ ಹಾಕುವುದಾದರೆ ದೂರದಿಂದ, ಅದರ ಹಿಂಡು, ಅದರ ನೀರು, ಅದರ ಹುಲ್ಲಿನ ಜತೆ ಹಾಕಿ. ಚಿತ್ರದ ಅಡಿಬರಹದಲ್ಲೂ ಎಚ್ಚರ ಬೇಕು: ಮೇಘಮಲೈಯ ಚಹಾತೋಟವನ್ನು ಕಾಡೆಂದು ಬರೆಯಬೇಡಿ, ಚಹಾತೋಟವೆಂದೇ ಬರೆಯಿರಿ.

ಹಾಗಾಗಿ ಈ ವಾರಾಂತ್ಯ ಫೋಟೊ ಆರಿಸಲು ಕೂತಾಗ ಮೊದಲು ಹನ್ನೆರಡು ತಿಂಗಳ ಹೆಸರು ಬರೆದಿಟ್ಟುಕೊಂಡು, ಆಮೇಲೆ ಚಿತ್ರ ಹುಡುಕಿ. ಪ್ರತಿ ಪುಟದ ಕೆಳಗೆ ಜಾಗ, ತಿಂಗಳು, ವರ್ಷ ಅಚ್ಚಾಗಲಿ. ಹತ್ತು ವರ್ಷದ ನಂತರ ಆ ಕಾಡು ಹೇಗಿತ್ತೆಂದು ನಿಮ್ಮ ಮನೆಯವರಿಗೆ ಹೇಳಲು ಅಷ್ಟು ಸಾಕು.