ಜಾವಾದ ಚೆಲುವು, ರೋಡ್‌ಕಿಂಗ್‌ನ ಕಸುವು

ಹುಣಸೂರು, ಪಿರಿಯಾಪಟ್ಟಣದ ಕಡೆ ಹಳೆಯ ಗಾಡಿಗಳ ಮಾತು ಬಂದರೆ ಕಾರಿಗಿಂತ ಮೊದಲು ಬಾಯಿಗೆ ಬರುವುದು ಜಾವಾ ಬೈಕು. ಅದು ನೆರೆಮನೆಯ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಲ್ಲಿಂದ ಹೊರಬಂದ ಅರವತ್ತರ ದಶಕದ ಜಾವಾ 250 ಮತ್ತು 1978ರ ಯೆಜ್ಡಿ ರೋಡ್‌ಕಿಂಗ್ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ನೋಡುವವರ ಕಣ್ಣು ಜಾವಾವನ್ನು ಬಿಟ್ಟು ಕದಲುವುದಿಲ್ಲ.

ಕದಲಬೇಕಾಗಿಯೂ ಇಲ್ಲ. ಆ ರೂಪದಲ್ಲಿ ಒಂದು ಗೆರೆಯೂ ಹೆಚ್ಚಿಲ್ಲ. ನೀರಹನಿಯಂಥ ಟ್ಯಾಂಕು, ಅದರ ಪಕ್ಕೆಗೆ ಕ್ರೋಮ್, ಹೆಡ್‌ಲೈಟಿನ ಗೂಡಿನೊಳಗೇ ಸ್ಪೀಡೋಮೀಟರು ಮತ್ತು ಕೀಲಿ. ಚೈನಿಗೆ ಪೂರ್ತಿ ಕವಚವಿರುವುದರಿಂದ ಧೂಳು, ಕೆಸರು ಅದಕ್ಕೆ ತಾಗದು. ಸ್ಟಾರ್ಟ್ ಮಾಡುವ ಕಿಕ್ಕರೇ ಆಮೇಲೆ ಗೇರ್ ಲಿವರ್. ಕಾಲಲ್ಲಿ ಅದನ್ನು ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ. ಒಂದೇ ಲಿವರಿನಿಂದ ಮೂರು ಕೆಲಸ ತೆಗೆದ ಆ ಬುದ್ಧಿಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಆದರೆ ಅದು ಚೆಕ್ ನಾಡಿನ ನಕ್ಷೆ. 16 ಇಂಚಿನ ಚಕ್ರ, ಸುಮಾರು 12 ಅಶ್ವಶಕ್ತಿಯ ಎಂಜಿನ್. ನಮ್ಮಲ್ಲಿ ಗಾಡಿಯ ಮೇಲೆ ಒಬ್ಬರೇ ಹೋಗುವುದು ಅಪರೂಪ. ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು, ಪಕ್ಕದಲ್ಲಿ ಸಂತೆಯ ಚೀಲ. ಅಷ್ಟನ್ನೂ ಹೊತ್ತು ಕೆ.ಆರ್. ನಗರದ ನಾಲೆ ಏರಿಯ ಮೇಲೆ, ಎಚ್.ಡಿ. ಕೋಟೆಯ ಗುಂಡಿ ದಾರಿಗಳಲ್ಲಿ ಸಾಗಬೇಕು. ಅಲ್ಲಿ ರೋಡ್‌ಕಿಂಗ್‌ನ 16 ಅಶ್ವಶಕ್ತಿ, 18 ಇಂಚಿನ ಚಕ್ರ ಬೆಲೆ ತೋರಿಸುತ್ತವೆ. ದೊಡ್ಡ ಚಕ್ರ ಗುಂಡಿಯನ್ನು ದಾಟುತ್ತದೆ, ಚಿಕ್ಕದು ಅದರೊಳಗೆ ಇಳಿಯುತ್ತದೆ. ರೋಡ್‌ಕಿಂಗ್‌ನ ಹೆಡ್‌ಲೈಟು, ಟ್ಯಾಂಕು, ಸೀಟು ಬೇರೆ ಬೇರೆ ತಂದು ಜೋಡಿಸಿದಂತಿವೆ, ನಿಜ. ಆದರೂ ಇಲ್ಲಿಯ ರಸ್ತೆಗೆ ಒಗ್ಗಿದ ಗಾಡಿ ಅದೇ.

ಎರಡಕ್ಕೂ ಇರುವ ಕೊರತೆ ಟೂ ಸ್ಟ್ರೋಕ್ ಎಂಜಿನ್ನಿನದು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹೊಗೆ ತಪ್ಪದು, ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸದು.

ನೋಡುವುದಕ್ಕೆ ಜಾವಾ, ಓಡಿಸುವುದಕ್ಕೆ ರೋಡ್‌ಕಿಂಗ್: ಇದು ನನ್ನ ತೀರ್ಮಾನ. ಯಾವುದನ್ನೇ ಇಟ್ಟುಕೊಂಡಿರಿ, ಸದ್ದಿನ ಆಸೆಗೆ ಅದರ ಉದ್ದನೆಯ ಜೋಡಿ ಸೈಲೆನ್ಸರ್ ಕಿತ್ತು ಗಿಡ್ಡ ಕೊಳವೆ ಹಾಕಿಸಬೇಡಿ. ಟೂ ಸ್ಟ್ರೋಕ್ ಎಂಜಿನ್ನಿನ ಎಳೆತ ಆ ಸೈಲೆನ್ಸರಿನ ಅಳತೆಯನ್ನೂ ನಂಬಿಕೊಂಡಿದೆ.