ವಿದ್ವತ್ಪತ್ರಿಕೆಗಳಲ್ಲಿ ಲೇಖನ ಪರಿಶೀಲನೆ: ಒಂದು ವಿಚಾರ

ವಿದ್ವತ್ಪತ್ರಿಕೆಯೊಂದರ ಹೊದಿಕೆಯ ಮೇಲೆ ‘ಸಮವಿದ್ವಾಂಸರಿಂದ ಪರಿಶೀಲಿತ’ ಎಂದು ಅಚ್ಚಾಗಿದ್ದರೆ ಅದರೊಳಗಿನ ಬರಹವೆಲ್ಲ ಒರೆಗೆ ಹಚ್ಚಿದ ಚಿನ್ನವೆಂದು ಭಾವಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ಆದರೆ ಒರೆಗಲ್ಲು ಇದೆಯೆಂದು ಸಾರುವುದು ಬೇರೆ, ಒರೆಹಚ್ಚುವುದು ಬೇರೆ. ಈ ಪರಿಶೀಲನೆಯ ಸತ್ತ್ವವು ಯಾವುದರಲ್ಲಿದೆ ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಇದರ ಕ್ರಮ ಸರಳವಾದುದು. ಬಂದ ಲೇಖನವು ಪತ್ರಿಕೆಯ ವ್ಯಾಪ್ತಿಗೆ ಸೇರಿದುದೇ ಎಂಬುದನ್ನು ಸಂಪಾದಕರು ಮೊದಲು ನೋಡುತ್ತಾರೆ. ಅನಂತರ ಸಾಮಾನ್ಯವಾಗಿ ಲೇಖಕರ ಹೆಸರನ್ನು ತೆಗೆದು, ಆ ವಿಷಯವನ್ನು ಬಲ್ಲ ಇಬ್ಬರಿಗೆ ಕಳುಹಿಸುತ್ತಾರೆ. ಅವರು ಸ್ವೀಕಾರ, ತಿದ್ದುಪಡಿ, ನಿರಾಕರಣೆ ಇವುಗಳಲ್ಲೊಂದನ್ನು ಸೂಚಿಸಿ ಕಾರಣಗಳನ್ನು ಬರೆಯುತ್ತಾರೆ. ಇಬ್ಬರಲ್ಲಿ ಮತಭೇದ ಉಂಟಾದರೆ ಮೂರನೆಯವರ ಅಭಿಪ್ರಾಯ ಪಡೆಯುವುದುಂಟು. ಕೊನೆಯ ತೀರ್ಮಾನ ಮಾತ್ರ ಸಂಪಾದಕರದೇ.

ಈ ಪದ್ಧತಿ ಅನಾದಿಯೆಂದು ತಿಳಿಯಬೇಕಾಗಿಲ್ಲ. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಹೊರಡಿಸಿದನು. ಅಲ್ಲಿನ ರಾಯಲ್ ಸೊಸೈಟಿ ಲಿಖಿತ ಅಭಿಪ್ರಾಯಗಳನ್ನು ತರಿಸತೊಡಗಿದುದು 1832ರ ಸುಮಾರಿಗೆ. ‘ನೇಚರ್’ ಪತ್ರಿಕೆಯು ಹೊರಗಿನವರ ಪರಿಶೀಲನೆಯನ್ನು ಕಡ್ಡಾಯಗೊಳಿಸಿದುದು 1973ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟ ‘ಪ್ರಬುದ್ಧ ಕರ್ನಾಟಕ’ವು ಇಂಥ ಮುದ್ರೆಯ ಮಾತೇ ಹುಟ್ಟುವ ಮೊದಲು ಗೌರವ ಗಳಿಸಿದ ಪತ್ರಿಕೆ. ಮುದ್ರೆಯಿಲ್ಲದೆಯೂ ವಿದ್ವತ್ತು ಬೆಳೆಯಬಲ್ಲದು, ಪ್ರಶ್ನೆಯಿಲ್ಲದೆ ಬೆಳೆಯಲಾರದು.

ಒಂದು ಕಲ್ಪಿತ ನಿದರ್ಶನದಿಂದ ಇದು ಸ್ಪಷ್ಟವಾದೀತು. ಬೆಂಗಳೂರಿನ ಪೂರ್ವಕ್ಕಿರುವ ಹೊರಮಾವು ಎಂಬ ಸ್ಥಳನಾಮವನ್ನು ಕುರಿತು ಒಬ್ಬರು ಲೇಖನ ಬರೆದು, ‘ನಗರದ ಹೊರಗಣ ಮಾವಿನ ತೋಪು’ ಎಂದು ಅರ್ಥ ಹೇಳಿದ್ದಾರೆಂದು ಇಟ್ಟುಕೊಳ್ಳೋಣ. ‘ಲೇಖನ ಚೆನ್ನಾಗಿದೆ, ಪ್ರಕಟಿಸಬಹುದು’ ಎಂದು ಬರೆಯುವವನು ಪರಿಶೀಲಕನಲ್ಲ. ನಿಜವಾದ ಪರಿಶೀಲಕನು ಹೀಗೆ ಕೇಳುತ್ತಾನೆ: ಈ ಹೆಸರಿನ ಅತ್ಯಂತ ಹಳೆಯ ರೂಪ ಯಾವುದು, ಅದು ದೊರೆಯುವುದು ಎಲ್ಲಿ? ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ನೋಡಲಾಗಿದೆಯೆ? ‘ಹೊರ’ ಎಂದರೆ ಯಾವುದಕ್ಕೆ ಹೊರಗೆ? ಹಲವು ಹರಿದಾರಿ ಆಚೆಗಿದ್ದ ಕೋಟೆಪೇಟೆಯನ್ನು ಲೆಕ್ಕಕ್ಕೆ ಹಿಡಿದು ಹಳ್ಳಿಯವರು ಊರಿಗೆ ಹೆಸರಿಡುವರೆ? ನೆರೆಯ ಅಗರದ ಹೆಸರು ಅಗ್ರಹಾರವನ್ನು ನೆನಪಿಗೆ ತರುವುದರಿಂದ ದತ್ತಿಯ ದಾಖಲೆಗಳನ್ನು ಹುಡುಕಬೇಡವೆ? ಈ ಪ್ರಶ್ನೆಗಳು ಲೇಖಕರನ್ನು ಕುಗ್ಗಿಸುವುದಿಲ್ಲ, ಲೇಖನವನ್ನು ಗಟ್ಟಿಗೊಳಿಸುತ್ತವೆ.

ಇಂಥ ಪ್ರಶ್ನೆಯ ಬೆಲೆಯನ್ನು ಬೆಂಗಳೂರಿನ ಹೆಸರೇ ತೋರಿಸುತ್ತದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟುದರಿಂದ ‘ಬೆಂದಕಾಳೂರು’ ಆಯಿತೆಂಬ ಕತೆ ಸೊಗಸಾಗಿದೆ. ಆದರೆ ಇಮ್ಮಡಿ ವೀರಬಲ್ಲಾಳನು ಆಳಿದುದು 1173ರಿಂದ 1220ರವರೆಗೆ. ಬೇಗೂರಿನ ದೇವಾಲಯದಲ್ಲಿರುವ ಸುಮಾರು 890ರ ಶಾಸನದಲ್ಲಿಯೇ ಬೆಂಗಳೂರಿನ ಕಾಳಗದ ಮಾತು ಬಂದಿದೆ. ಒಂದು ಕಲ್ಲಿನ ಮುಂದೆ ಕತೆ ನಿಲ್ಲಲಿಲ್ಲ.

ಆದರೂ ಈ ಪದ್ಧತಿಗೆ ಮಿತಿಗಳುಂಟು. ಪರಿಶೀಲಕನು ತನ್ನ ಮುಂದಿರುವ ಹಾಳೆಯನ್ನು ಓದುತ್ತಾನೆ. ಪ್ರತಿಯೊಂದು ಕಲ್ಲನ್ನೂ ಓಲೆಗರಿಯನ್ನೂ ಹೋಗಿ ನೋಡಲಾರನು. ಹೆಸರು ಮರೆಮಾಡಿದ ಮಾತ್ರಕ್ಕೆ ನಿಷ್ಪಕ್ಷಪಾತವೂ ಬಾರದು. ಶಾಸನ, ಗ್ರಂಥಸಂಪಾದನೆಗಳಲ್ಲಿ ಪಳಗಿದವರು ಕನ್ನಡದಲ್ಲಿ ಕೆಲವರೇ ಆದುದರಿಂದ, ಬಳಸಿದ ಆಕರವನ್ನು ಕಂಡೊಡನೆ ಬರೆದವರಾರೆಂದು ಊಹಿಸುವುದು ಕಷ್ಟವಲ್ಲ. ಆದಕಾರಣ ನಾವು ಬೇಡಬೇಕಾದುದು ಪರಿಶೀಲಕನ ಅಜ್ಞಾತತ್ವಕ್ಕಿಂತ ಹೆಚ್ಚಾಗಿ ಅವನ ಸಕಾರಣವಾದ ಬರಹವನ್ನು. ಕಾರಣವಿಲ್ಲದ ಹೊಗಳಿಕೆಯೂ ಕಾರಣವಿಲ್ಲದ ತಿರಸ್ಕಾರವೂ ಒಂದೇ ತಕ್ಕಡಿಯವು.

ಈ ಮಾತಿಗೆ ಇಂದು ವಿಶೇಷ ಪ್ರಸಕ್ತಿಯಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಪರಿಶೀಲಿತ ಪತ್ರಿಕೆಯ ಲೇಖನವೊಂದಕ್ಕೆ ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ 10 ಅಂಕಗಳನ್ನು ಗೊತ್ತುಮಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಆಯೋಗವೇ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. 2025ರ ಫೆಬ್ರವರಿಯಲ್ಲಿ ಅದೂ ನಿಂತಿತು, ಸೂಚಕ ಮಾನದಂಡಗಳು ಮಾತ್ರ ಉಳಿದುವು. ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಈಗ ಸಂಸ್ಥೆಗಳ ಮೇಲೆ, ಎಂದರೆ ನಮ್ಮ ಮೇಲೆಯೇ ಬಿದ್ದಿದೆ. ಹಣ ತೆತ್ತು ವಾರದೊಳಗೆ ಅಚ್ಚು ಮಾಡಿಸಿದ ಲೇಖನಕ್ಕೂ ವರ್ಷಗಟ್ಟಲೆ ಶ್ರಮಿಸಿ ಬರೆದ ಲೇಖನಕ್ಕೂ ಒಂದೇ ಅಂಕವೆಂದಾದರೆ, ತರುಣ ಅಧ್ಯಾಪಕನು ಶ್ರಮಿಸುವುದಾದರೂ ಏಕೆ?

ಪಟ್ಟಿಯನ್ನು ಹುಡುಕುವುದನ್ನು ಬಿಟ್ಟು ನಾವು ಪತ್ರಿಕೆಯನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು: ಪರಿಶೀಲಕರು ಏನು ಕೇಳಿದರು, ಲೇಖಕರು ಏನು ಉತ್ತರಿಸಿದರು? ಇದಕ್ಕೆ ಲಿಖಿತವಾದ ಉತ್ತರವಿದ್ದಲ್ಲಿ ಪರಿಶೀಲನೆ ನಡೆದಿದೆ. ಇಲ್ಲದಲ್ಲಿ ನಡೆದಿರುವುದು ಮುದ್ರಣ ಮಾತ್ರ. ನಮ್ಮ ವಿಭಾಗಗಳ ಸಂಶೋಧನ ಸಂಚಿಕೆಗಳು ಆ ಪ್ರಶ್ನೋತ್ತರಗಳನ್ನು ಕಾಪಾಡಿ ವಿದ್ಯಾರ್ಥಿಗಳಿಗೆ ಓದಗೊಟ್ಟರೆ, ಸಂಶೋಧನೆಯ ಶಿಕ್ಷಣಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯವು ಬೇರೆ ಬೇಕಾಗದು.